‘ಕೆಲವರಿಗೆ’ ಅಂದರೆ ಯಾರಿಗೆ?

ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಇಲ್ಲಿ ಕಾಗುಣಿತದ ಬಗ್ಗೆ ಬರೆದಿದ್ದೆ. ಅದಕ್ಕೆ ಉತ್ತರವಾಗಿ ಬಂದ ಪತ್ರಗಳಲ್ಲಿ ಕಾಗುಣಿತದ ಪ್ರಶ್ನೆ ಒಂದೂ ಇಲ್ಲ. ಫೋನಿನಲ್ಲಿ ಬರೆದ ಒಂದು ಸಾಲು ಯಾಕೆ ಜಗಳವಾಯಿತು ಅಂತಲೇ ಎಲ್ಲರೂ ಕೇಳಿದ್ದಾರೆ. ಅಪಾರ್ಟ್‌ಮೆಂಟಿನ ವಾಟ್ಸ್‌ಆಪ್ ಗ್ರೂಪು, ಬಂಧುಗಳ ಗ್ರೂಪು, ಬೀದಿಯ ಗಣೇಶನ ಗ್ರೂಪು. ನಾನು ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ 27 ವರ್ಷ ಪ್ರೂಫ್ ನೋಡಿದವಳು. ಒಂದು ಕೊಂಬು, ಒಂದು ಏತ್ವ ತಪ್ಪಿದರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ದಿನವೂ ನೋಡಿದ್ದೇನೆ. ಈ ಪತ್ರಗಳನ್ನೂ ಹಾಗೇ ಓದಿದೆ. ಯಾರದು ಸರಿ, ಯಾರದು ತಪ್ಪು ಅನ್ನುವುದಕ್ಕಿಂತ ಮೊದಲು, ಯಾವ ಪದ ಚುಚ್ಚಿತು ಅಂತ ಹುಡುಕಿದೆ.

ಪ್ರಶ್ನೆ: ನಮ್ಮದು 72 ಮನೆಗಳ ಅಪಾರ್ಟ್‌ಮೆಂಟ್. ನಾನು ಸಂಘದ ಕಾರ್ಯದರ್ಶಿ. 2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿತು. ಟ್ಯಾಂಕರ್ ನೀರೇ ಗತಿ. ಒಂದು ಬೆಳಿಗ್ಗೆ ಯಾರೋ ಪೈಪ್ ಹಿಡಿದು ಕಾರು ತೊಳೆದಿದ್ದರು. ನಾನು ಗ್ರೂಪಿಗೆ ಹಾಕಿದ್ದು ಇಷ್ಟೇ: ‘ಕೆಲವರಿಗೆ ಎಷ್ಟು ಸಲ ಹೇಳಿದರೂ ಅರ್ಥವಾಗುವುದಿಲ್ಲ. ದಯವಿಟ್ಟು ಕಾರು ತೊಳೆಯಬೇಡಿ.’ ಮೂರನೇ ಮಹಡಿಯ ಹಿರಿಯರೊಬ್ಬರು ‘ಇದು ನನಗೇ ಹೇಳಿದ್ದು ತಾನೆ?’ ಅಂತ ಕೇಳಿದರು. ಅವರ ಹತ್ತಿರ ಕಾರೇ ಇಲ್ಲ. ಸಂಜೆಗೆ ಗ್ರೂಪ್ ಬಿಟ್ಟು ಹೋದರು. ಇವತ್ತಿಗೂ ಲಿಫ್ಟಿನಲ್ಲಿ ಸಿಕ್ಕಿದರೆ ಮುಖ ತಿರುಗಿಸುತ್ತಾರೆ. ನಾನು ಸಿಟ್ಟಿನಿಂದ ಬರೆದದ್ದಲ್ಲ. ‘ದಯವಿಟ್ಟು’ ಅಂತಲೂ ಹಾಕಿದ್ದೆ. ನನ್ನ ತಪ್ಪೇನು?
— ಕಾರ್ಯದರ್ಶಿ, ಜೆ.ಪಿ. ನಗರ

ಉತ್ತರ: ಆ ಬೇಸಿಗೆ ನನಗೂ ಚೆನ್ನಾಗಿ ನೆನಪಿದೆ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಮಾರ್ಚಿನಲ್ಲೇ ಆದೇಶ ಹೊರಡಿಸಿತ್ತು. ಹಾಗಾಗಿ ನೀವು ಹೇಳಿದ ವಿಷಯದಲ್ಲಿ ಒಂದಿಷ್ಟೂ ತಪ್ಪಿಲ್ಲ. ಕೆಟ್ಟಿದ್ದು ಮೊದಲ ವಾಕ್ಯ. ಅದರಲ್ಲೂ ಮೊದಲ ಪದ.

‘ಕೆಲವರಿಗೆ’ ಅನ್ನುವುದನ್ನು ನಾವು ಮರ್ಯಾದೆಗೆ ಅಂತ ಬಳಸುತ್ತೇವೆ. ಹೆಸರು ಹೇಳಿ ಅವಮಾನ ಮಾಡುವುದು ಬೇಡ ಅಂತ. ಎದುರಾಎದುರು ಕೂತಾಗ ಅದು ನಡೆಯುತ್ತದೆ. ಹೇಳುವವರ ಕಣ್ಣು ಯಾರ ಕಡೆ ಇದೆ, ಯಾರ ಕಡೆ ಇಲ್ಲ ಅನ್ನುವುದು ಎಲ್ಲರಿಗೂ ಕಾಣುತ್ತದೆ. ‘ನನಗಲ್ಲ’ ಅಂತ ಉಳಿದವರು ನಿರಾಳವಾಗುತ್ತಾರೆ. ಗ್ರೂಪಿನಲ್ಲಿ ಆ ಕಣ್ಣಿಲ್ಲ. ನೀವು ಒಬ್ಬರಿಗೆ ಹೇಳಿದ್ದನ್ನು 72 ಮನೆಯವರೂ ಒಬ್ಬೊಬ್ಬರೇ ಕೂತು, ತಮ್ಮ ತಮ್ಮ ಫೋನಿನಲ್ಲಿ ಓದಿದರು. ಪ್ರತಿಯೊಬ್ಬರಿಗೂ ಒಂದು ಗಳಿಗೆ ‘ಇದು ನನಗಾ?’ ಅನಿಸಿರುತ್ತದೆ. ಆ ಹಿರಿಯರಿಗೆ ಕಾರಿಲ್ಲ, ನಿಜ. ಆದರೆ ಹಿಂದಿನ ವಾರ ಅವರ ಬಾಲ್ಕನಿಯ ಗಿಡಕ್ಕೋ, ಸೋರುವ ನಲ್ಲಿಗೋ ಯಾರಾದರೂ ಏನಾದರೂ ಅಂದಿದ್ದರೆ? ಆ ನೋವಿಗೆ ನಿಮ್ಮ ‘ಕೆಲವರಿಗೆ’ ಸರಿಯಾಗಿ ಹೋಗಿ ತಗುಲಿರುತ್ತದೆ. ಕಾರು ತೊಳೆದವರು ಮಾತ್ರ ಆರಾಮಾಗಿ ಇದ್ದಿರಬೇಕು. ಹೆಸರಿಲ್ಲವಲ್ಲ.

ಇನ್ನು ‘ಎಷ್ಟು ಸಲ ಹೇಳಿದರೂ’. ಇದು ನಾವು ಹೋಂವರ್ಕ್ ಮಾಡದ ಮಕ್ಕಳಿಗೆ ಹೇಳುವ ಮಾತು. ‘ಅರ್ಥವಾಗುವುದಿಲ್ಲ’ ಅಂದಕೂಡಲೇ ವಿಷಯ ಕಾರನ್ನು ಬಿಟ್ಟು ಆ ಮನುಷ್ಯರ ಬುದ್ಧಿಗೆ ಬಂತು. ಎಪ್ಪತ್ತು ದಾಟಿದವರಿಗೆ ಇದು ಎಷ್ಟು ನೋಯುತ್ತದೆ ಅಂತ ಯೋಚಿಸಿ.

‘ದಯವಿಟ್ಟು’ ಈ ವಾಕ್ಯವನ್ನು ಯಾಕೆ ಕಾಪಾಡಲಿಲ್ಲ ಅಂತ ಕೇಳಿದ್ದೀರಿ. ಮನೆಯಲ್ಲಿ ನೀವು ಯಾರಿಗಾದರೂ ‘ದಯವಿಟ್ಟು’ ಅಂತೀರಾ? ‘ಸ್ವಲ್ಪ ಆ ಬಾಗಿಲು ಹಾಕ್ತೀರಾ’ ಅಂತೀರಿ. ‘ಒಂಚೂರು ಉಪ್ಪು ಕೊಡು’ ಅಂತೀರಿ. ಕನ್ನಡದಲ್ಲಿ ವಿನಯ ಇರುವುದು ಈ ‘ಸ್ವಲ್ಪ’ದಲ್ಲಿ, ‘ಒಂಚೂರು’ವಿನಲ್ಲಿ, ಕ್ರಿಯಾಪದದ ಕೊನೆಯ ‘ತೀರಾ’ದಲ್ಲಿ. ‘ದಯವಿಟ್ಟು’ ಅನ್ನುವುದನ್ನು ನಾವು ಜಾಸ್ತಿ ಕಂಡಿರುವುದು ಬೋರ್ಡುಗಳ ಮೇಲೆ. ದಯವಿಟ್ಟು ಪಾದರಕ್ಷೆ ಇಲ್ಲಿ ಬಿಡಿ. ದಯವಿಟ್ಟು ಸಾಲಿನಲ್ಲಿ ಬನ್ನಿ. ಹಾಗಾಗಿ ಸಿಟ್ಟಿನ ವಾಕ್ಯದ ಪಕ್ಕ ಅದು ಬಂದರೆ ಬೇಡಿಕೆ ಅನಿಸುವುದಿಲ್ಲ, ನೋಟಿಸ್ ಅನಿಸುತ್ತದೆ.

ಸಿಟ್ಟಿನಿಂದ ಬರೆದದ್ದಲ್ಲ ಅನ್ನುವ ನಿಮ್ಮ ಮಾತನ್ನು ನಾನು ನಂಬುತ್ತೇನೆ. ಬರೆಯುವಾಗ ನಿಮ್ಮ ಕಿವಿಯಲ್ಲಿ ನಿಮ್ಮದೇ ದನಿ ಇತ್ತು. ಬೇಜಾರಿನ, ಸೋತ ದನಿ. ಓದುವವರಿಗೆ ಅದು ತಲುಪಲಿಲ್ಲ. ಅಮೆರಿಕದಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಕೆಲವು ವಾಕ್ಯ ಕೊಟ್ಟರು. ಕೆಲವು ನಿಜವಾಗಿ ಹೇಳಿದವು, ಕೆಲವು ವ್ಯಂಗ್ಯದವು. ಅವನ್ನು ಇಮೇಲಿನಲ್ಲೂ ಕಳಿಸಬೇಕು, ಬಾಯಲ್ಲೂ ಹೇಳಬೇಕು. ನೂರಕ್ಕೆ ಸುಮಾರು 78 ಸಲ ತಮ್ಮ ಧಾಟಿ ತಿಳಿಯುತ್ತದೆ ಅಂತ ಕಳಿಸಿದವರು ಅಂದುಕೊಂಡಿದ್ದರು. ಬಾಯಲ್ಲಿ ಹೇಳಿದಾಗ ಹೆಚ್ಚುಕಡಿಮೆ ಹಾಗೇ ಆಯಿತು. ಇಮೇಲಿನಲ್ಲಿ ಸರಿಯಾಗಿ ತಿಳಿದದ್ದು 56 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಸಲ ಸರಿಯಾಗುತ್ತಿತ್ತು.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಇವತ್ತು ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ಪೈಪಿನಿಂದ ಕಾರು ತೊಳೆದದ್ದು ಕಂಡುಬಂತು. ಸಂಪಿನಲ್ಲಿ ಈಗ ಅರ್ಧ ಅಡಿ ನೀರಿದೆ. ಟ್ಯಾಂಕರ್ ಬರುವುದು ಸಂಜೆ 6ಕ್ಕೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲೇ ಒರೆಸೋಣ.’ ಇಲ್ಲಿ ಕಾರಿದೆ, ಪೈಪಿದೆ, ನೀರಿನ ಲೆಕ್ಕ ಇದೆ. ‘ಕೆಲವರು’ ಇಲ್ಲ. ‘ಅರ್ಧ ಅಡಿ’ ಅನ್ನುವುದನ್ನು ಓದಿದವರಿಗೆ ಬೈಯುವ ಅಗತ್ಯವೇ ಬೀಳುವುದಿಲ್ಲ. ಕೊನೆಯ ‘ಒರೆಸೋಣ’ ನೋಡಿ. ‘ಒರೆಸಿ’ ಅಂದರೆ ನೀವು ಹೇಳುವವರು, ಅವರು ಮಾಡುವವರು. ‘ಒರೆಸೋಣ’ ಅಂದರೆ ನೀವೂ ಬಟ್ಟೆ ಹಿಡಿದು ನಿಂತಿದ್ದೀರಿ. ಆದರೆ ನಿಮ್ಮ ಕಾರನ್ನು ನೀವೂ ಹಾಗೇ ಒರೆಸುತ್ತಿದ್ದರೆ ಮಾತ್ರ ಈ ‘ಓಣ’ ಹಾಕಿ. ಇಲ್ಲದಿದ್ದರೆ ಜನರಿಗೆ ಅದು ಬೇಗ ಗೊತ್ತಾಗುತ್ತದೆ.

ಆ ಹಿರಿಯರಿಗೆ ಗ್ರೂಪಿನಲ್ಲಿ ಕ್ಷಮೆ ಕೇಳಬೇಡಿ. ಮೂರನೇ ಮಹಡಿಗೆ ಹತ್ತಿ ಹೋಗಿ. ‘ಅದು ನಿಮಗೆ ಹೇಳಿದ್ದಲ್ಲ ಸರ್, ನಾನು ಹಾಗೆ ಬರೆಯಬಾರದಿತ್ತು’ ಅಂತ ಹೇಳಿ. ಎರಡನೇ ಭಾಗ ಮರೆಯಬೇಡಿ. ಮೊದಲ ಭಾಗ ಒಂದೇ ಹೇಳಿದರೆ ತಪ್ಪು ತಿಳಿದದ್ದು ಅವರೇ ಅಂತ ಆಗುತ್ತದೆ.

ಪ್ರಶ್ನೆ: ನಮ್ಮತ್ತೆ ನಿವೃತ್ತ ಟೀಚರ್. ಬಸವೇಶ್ವರನಗರದಲ್ಲಿ ಇದ್ದಾರೆ. ನಾವು ಎಲೆಕ್ಟ್ರಾನಿಕ್ ಸಿಟಿ ಕಡೆ. ನಾನು ಎಷ್ಟೇ ಉದ್ದಕ್ಕೆ ಮೆಸೇಜ್ ಮಾಡಿದರೂ ಅವರಿಂದ ಬರುವುದು ‘ಸರಿ.’ ಅಂತ ಒಂದೇ ಪದ, ಪಕ್ಕದಲ್ಲಿ ಚುಕ್ಕೆ. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಸಿಟ್ಟಾಗಿದ್ದಾರಾ?
— ಸೊಸೆ, ಹೆಸರು ಬೇಡ

ಉತ್ತರ: ಇಲ್ಲಮ್ಮ. ವಾಕ್ಯ ಮುಗಿದ ಮೇಲೆ ಚುಕ್ಕೆ ಇಡದ ಮಕ್ಕಳಿಗೆ ಅವರು ಮೂವತ್ತು ವರ್ಷ ಅಂಕ ಕಳೆದಿರುತ್ತಾರೆ. ಈಗ ಅವರ ಬೆರಳೇ ಚುಕ್ಕೆ ಇಡುತ್ತದೆ.

ಆದರೆ ನಿನಗೆ ಹಾಗೆ ಅನಿಸುವುದರಲ್ಲೂ ಅರ್ಥವಿದೆ. ಫೋನಿನಲ್ಲಿ ಬರೆದು ಬೆಳೆದವರಿಗೆ ಮೆಸೇಜ್ ಕಳಿಸಿದರೇ ವಾಕ್ಯ ಮುಗಿದ ಹಾಗೆ. ಅದರ ಮೇಲೂ ಚುಕ್ಕೆ ಬಂದರೆ ಬಾಗಿಲು ಎಳೆದು ಹಾಕಿದ ಹಾಗೆ ಕೇಳಿಸುತ್ತದೆ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದಲ್ಲಿ ಸೀಲಿಯಾ ಕ್ಲಿನ್ ಅವರ ತಂಡ 126 ವಿದ್ಯಾರ್ಥಿಗಳಿಗೆ ಇಂಥ ಒಂದು ಪದದ ಉತ್ತರಗಳನ್ನು ತೋರಿಸಿತು. ಚುಕ್ಕೆ ಇದ್ದ ಉತ್ತರ ಅವರಿಗೆ ಅಷ್ಟು ಮನಸ್ಸಿನಿಂದ ಬಂದದ್ದು ಅನಿಸಲಿಲ್ಲ. ಅದೇ ಉತ್ತರ ಕೈಬರಹದ ಚೀಟಿಯಲ್ಲಿ ಇದ್ದಾಗ ಚುಕ್ಕೆ ಇದ್ದರೂ ಇಲ್ಲದಿದ್ದರೂ ಒಂದೇ ಅನಿಸಿತು. 2015ರ ಕೊನೆಯಲ್ಲಿ ಇದು ಪ್ರಕಟವಾಯಿತು. ನಿಮ್ಮತ್ತೆ ನಿನಗೆ ಚೀಟಿ ಬರೆಯುತ್ತಿದ್ದಾರೆ, ನೀನು ಮೆಸೇಜ್ ಓದುತ್ತಿದ್ದೀಯ. ಆಗಿರುವುದು ಇಷ್ಟೇ.

ಕನ್ನಡದಲ್ಲಿ ‘ಸರಿ’ಯ ಬಣ್ಣ ಬದಲಾಗುವುದು ಚುಕ್ಕೆಗಿಂತ ಜಾಸ್ತಿ ಅದರ ಹಿಂದೆ ಬರುವ ಪದದಿಂದ. ‘ಸರಿ ಕಣೆ’ ಅಂದರೆ ಮುಖದಲ್ಲಿ ನಗು ಇದೆ. ‘ಸರಿನಮ್ಮ’ ಅಂದರೆ ಒಪ್ಪಿಗೆ. ‘ಸರಿ ಸರಿ’ ಅಂದರೆ ಅವಸರ. ‘ಸರಿ ಬಿಡು’ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಈ ‘ಬಿಡು’ವಿನ ಬಗ್ಗೆ ನನ್ನದೇ ಒಂದು ಸಂಗತಿ ಹೇಳುತ್ತೇನೆ. ನನ್ನ ಯಜಮಾನರ ಷಷ್ಟ್ಯಬ್ದಿಗೆ ನನ್ನ ನಾದಿನಿ ಮೈಸೂರಿನಿಂದ ಬರಬೇಕಿತ್ತು. ಹಿಂದಿನ ವಾರ ಮೆಸೇಜ್ ಮಾಡಿದಳು. ಮಂಡಿ ನೋವು ಜಾಸ್ತಿಯಾಗಿದೆ, ಮೆಟ್ಟಿಲು ಇಳಿಯಲು ಆಗುತ್ತಿಲ್ಲ, ಬರಲಾರೆ ಅತ್ತಿಗೆ ಅಂತ. ನಾನು ಅಡುಗೆಯವರ ಜೊತೆ ಬಾಳೆ ಎಲೆಯ ಲೆಕ್ಕ ಮಾತಾಡುತ್ತ ನಿಂತಿದ್ದೆ. ಒಂದು ಕೈಯಲ್ಲಿ ‘ಆಯ್ತು ಬಿಡು’ ಅಂತ ಒತ್ತಿ ಕಳಿಸಿದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ‘ಅದಕ್ಕೇನಂತೆ, ಚಿಂತೆ ಬಿಡು’ ಅಂತ. ಅವಳು ಓದಿದ್ದು ‘ಬರದಿದ್ದರೆ ಬಿಡು’ ಅಂತ. ಎಂಟು ತಿಂಗಳು ಫೋನ್ ಮಾಡಲಿಲ್ಲ. ನಾನು ಮಾಡಿದರೆ ಎರಡು ಮಾತಾಡಿ ಇಡುತ್ತಿದ್ದಳು. ಮಂಡಿ ನೋವಿನಿಂದ ಹೀಗೆ ಆಗಿದ್ದಾಳೆ ಅಂದುಕೊಂಡೆ. ಕೊನೆಗೆ ಒಂದು ಮದುವೆಯಲ್ಲಿ, ಕೈತೊಳೆಯುವ ಜಾಗದಲ್ಲಿ, ‘ನೀವು ಬಿಡು ಅಂದುಬಿಟ್ರಲ್ಲ ಅತ್ತಿಗೆ’ ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಯಾವ ಬಿಡು, ಯಾವಾಗ ಅಂತ ನನಗೆ ತಕ್ಷಣ ಹೊಳೆಯಲೂ ಇಲ್ಲ. ಅವಳ ಫೋನಿನಲ್ಲಿ ಆ ಮೆಸೇಜ್ ಹಾಗೇ ಇತ್ತು. ತೋರಿಸಿದಳು. ನಾನೇ ಅದನ್ನು ಓದಿದೆ. ಆ ಎರಡು ಪದದಲ್ಲಿ ಅವಳ ಮಂಡಿಯ ಸುದ್ದಿಯೇ ಇರಲಿಲ್ಲ.

‘ಆಯ್ತಮ್ಮ, ಮೊದಲು ಮಂಡಿ ನೋಡ್ಕೋ’ ಅಂತ ಬರೆಯಲು ಇನ್ನು ಐದು ಸೆಕೆಂಡ್ ಸಾಕಿತ್ತು. ಆಮೇಲೆ ನಾನೊಂದು ಅಭ್ಯಾಸ ಮಾಡಿಕೊಂಡೆ. ಅವರು ಹೇಳಿದ್ದರಲ್ಲಿ ಒಂದು ಪದವನ್ನಾದರೂ ಎತ್ತಿಕೊಂಡು ಉತ್ತರ ಬರೆಯುತ್ತೇನೆ. ಮಂಡಿ ಅಂದಿದ್ದರೆ ಮಂಡಿ. ಬಸ್ಸು ಅಂದಿದ್ದರೆ ಬಸ್ಸು. ನೀನೂ ಅತ್ತೆಗೆ ಬರೆಯುವಾಗ ಕೊನೆಯಲ್ಲಿ ಒಂದು ಪ್ರಶ್ನೆ ಇಡು. ‘ಹುಳಿಗೆ ಯಾವ ಬೇಳೆ ಹಾಕಲಿ ಅತ್ತೆ?’ ಅಂತ ಕೇಳಿದರೆ ಯಾವ ಟೀಚರೂ ‘ಸರಿ.’ ಅಂತ ಉತ್ತರ ಕೊಡಲಾರರು.

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಮಹದೇವಪುರದ ಒಂದು ಪಿ.ಜಿ.ಯಲ್ಲಿ ಇದ್ದೇನೆ. ಗ್ರೂಪಿನಲ್ಲಿ ‘ಏನ್ರಿ, ಇವತ್ತೂ ಬಿಸಿನೀರ ಬಂದಿಲ್ಲಲ್ರಿ’ ಅಂತ ಬರೆದೆ. ಓನರ್ ‘ಮರ್ಯಾದೆ ಕೊಟ್ಟು ಮಾತಾಡಿ’ ಅಂದರು. ನಾನು ಕೊಟ್ಟಿದ್ದು ಮರ್ಯಾದೆನ ಅಲ್ರಿ?
— ಒಬ್ಬ ಓದುಗ, ಮಹದೇವಪುರ

ಉತ್ತರ: ಹೌದು, ಎರಡು ಸಲ ಕೊಟ್ಟಿದ್ದೀರಿ. ನಿಮ್ಮ ಕಡೆ ‘ರಿ’ ಇಲ್ಲದ ಮಾತು ಉಪ್ಪಿಲ್ಲದ ಸಾರು. ಹೌದ್ರಿ, ಇಲ್ರಿ, ಬರ್ರಿ, ಕುಂದರ್ರಿ. ಮಗುವಿನಿಂದ ಮುದುಕರವರೆಗೆ ಅದೇ ಗೌರವ.

ಬೆಂಗಳೂರಿನ ಕಿವಿ ಬೇರೆ. ಇಲ್ಲಿ ‘ಏನ್ರೀ’ ಅನ್ನುವುದು ಜಾಸ್ತಿ ಕೇಳಿಸುವುದು ಸಿಗ್ನಲ್ಲಿನಲ್ಲಿ, ಗಾಡಿಗೆ ಗಾಡಿ ತಾಗಿದಾಗ. ‘ಏನ್ರೀ, ಕಣ್ಣು ಕಾಣಲ್ವಾ?’ ಹಳೆ ಮೈಸೂರು ಕಡೆಯ ಮನೆಗಳಲ್ಲಿ ಹೆಂಡತಿ ಗಂಡನನ್ನು ಕರೆಯುವ ‘ರೀ’ ಬೇರೆ, ಅದರಲ್ಲಿ ಸಲಿಗೆ ಇದೆ. ಅಪರಿಚಿತರಿಗೆ ಮಾತಿನ ಶುರುವಿನಲ್ಲೇ ‘ರೀ’ ಬಂದರೆ ಇಲ್ಲಿಯವರಿಗೆ ಭುಜ ಹಿಡಿದು ತಿರುಗಿಸಿದ ಹಾಗೆ. ಮಾತಿನ ಕೊನೆಯಲ್ಲಿ ಬಂದರೆ ಯಾರಿಗೂ ಏನೂ ಅನಿಸುವುದಿಲ್ಲ. ಹಾಗಾಗಿ ನಿಮ್ಮ ‘ರಿ’ಯನ್ನು ಬಿಡಬೇಡಿ. ಮುಂದಿನದನ್ನು ತೆಗೆದು ಅಲ್ಲಿ ‘ಸರ್’ ಇಡಿ: ‘ಸರ್, ಇವತ್ತೂ ಬಿಸಿನೀರ ಬಂದಿಲ್ರಿ.’ ಕೊನೆಯ ‘ಅಲ್’ ಕೂಡ ಹೋಗಿದೆ ನೋಡಿ. ‘ಬಂದಿಲ್ಲಲ್ಲ’ ಅಂದರೆ ‘ನಿಮಗೆ ಗೊತ್ತಿದ್ದೂ ಸುಮ್ಮನಿದ್ದೀರಿ’ ಅನ್ನುವ ಆರೋಪ ಸೇರುತ್ತದೆ.

ಓನರ್ ಈ ಪತ್ರಿಕೆ ಓದುತ್ತಿದ್ದರೆ ಅವರಿಗೂ ಒಂದು ಮಾತು. ಹುಬ್ಬಳ್ಳಿಯ ‘ಏನ್ರಿ’ಯಲ್ಲೂ ಮಂಗಳೂರಿನ ‘ಎಂತ ಮಾರಾಯ್ರೆ’ಯಲ್ಲೂ ಇರುವುದು ಅಕ್ಕರೆ. ನಿಮ್ಮ ಪಿ.ಜಿ.ಯಲ್ಲಿ ಇಡೀ ಕರ್ನಾಟಕ ಬಂದು ಇಳಿದುಕೊಂಡಿದೆ. ಅದರ ಮಾತುಗಳನ್ನು ಕಲಿಯಿರಿ. ಹಾಗೇ ಗೀಸರ್ ರಿಪೇರಿ ಮಾಡಿಸಿ.

ಪ್ರಶ್ನೆ: ಮಗಳ ನಾಮಕರಣಕ್ಕೆ ದೊಡ್ಡಪ್ಪನ ಮಗಳಿಗೆ ‘ನೀನೂ ಬರಬಾರದೇ’ ಅಂತ ಬರೆಯಲು ಹೋದೆ. ಕೀಬೋರ್ಡ್ ತಾನಾಗಿ ‘ಬರಬಾರದು’ ಅಂತ ತಂದಿತು. ನೋಡದೆ ಕಳಿಸಿದೆ. ಈಗ ದೊಡ್ಡಮ್ಮನ ಮನೆಯಲ್ಲಿ ಎಲ್ಲರೂ ಬೇಜಾರಾಗಿದ್ದಾರೆ.
— ರಾಜಾಜಿನಗರದ ಓದುಗರು

ಉತ್ತರ: ಒಂದು ಏತ್ವದ ಜಾಗಕ್ಕೆ ಕೊಂಬು ಬಂತು. ಕರೆದದ್ದು ಹೋಗಿ, ತಡೆದ ಹಾಗೆ ಆಯಿತು. ವಾಟ್ಸ್‌ಆಪಿನಲ್ಲಿ ಕಳಿಸಿದ 15 ನಿಮಿಷದವರೆಗೆ ಮೆಸೇಜ್ ತಿದ್ದಬಹುದು, 2023ರಿಂದ ಆ ಅನುಕೂಲ ಇದೆ. ನಿಮಗೆ ಆ ಹೊತ್ತು ದಾಟಿದೆ. ಈಗಲೇ ಫೋನ್ ಮಾಡಿ, ಮೆಸೇಜ್ ಬೇಡ. ಸಾಧ್ಯವಾದರೆ ಮಗಳನ್ನು ಎತ್ತಿಕೊಂಡು ಅವರ ಮನೆಗೇ ಹೋಗಿ ಬನ್ನಿ.

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರಿಗೂ ಇದೇ ಎಚ್ಚರಿಕೆ. ಅಲ್ಲಿ ಲ, ಳ ಎರಡೂ ಒಂದೇ, ಹ್ರಸ್ವ ದೀರ್ಘವೂ ಅವರವರ ಇಷ್ಟ. ‘ಹಾಲು’ ಯಾವುದು, ‘ಹಾಳು’ ಯಾವುದು ಅನ್ನುವುದನ್ನು ಓದುವವರು ಊಹಿಸಬೇಕು. ಮನಸ್ಸು ಸರಿ ಇಲ್ಲದ ದಿನ ಊಹೆ ಕೆಟ್ಟ ಕಡೆಗೇ ಹೋಗುತ್ತದೆ.

ಪ್ರಶ್ನೆ: ಸರ್ಜಾಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಎಲ್ಲವೂ ಇಂಗ್ಲಿಷ್. ‘ಇಲ್ಲಿ ಕನ್ನಡದಲ್ಲೇ ಬರೆಯಬೇಕು’ ಅಂತ ಹಾಕಿದೆ. ಹೊಸದಾಗಿ ಬಂದ ಒಬ್ಬರು, ಹಾಗಾದರೆ ನಾನು ಏನೂ ಬರೆಯುವುದಿಲ್ಲ ಅಂದರು. ಕನ್ನಡದವರೇ ಇಬ್ಬರು ನನಗೆ ಬುದ್ಧಿ ಹೇಳಿದರು. ಕನ್ನಡ ಕೇಳಿದ್ದು ತಪ್ಪಾ?
— ಕನ್ನಡಿಗ, ಸರ್ಜಾಪುರ ರಸ್ತೆ

ಉತ್ತರ: ಕೇಳಿದ್ದು ತಪ್ಪಲ್ಲ. ಇನ್ನೂ ಮೊದಲೇ ಕೇಳಬೇಕಿತ್ತು. ಬೆಂಗಳೂರಿನಲ್ಲಿ ಕೂತು ಕನ್ನಡ ಕೇಳಲು ಯಾರೂ ಸಂಕೋಚ ಪಡಬಾರದು. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ನಾನು ತಿದ್ದುವುದು ಎರಡು ಕಡೆ. ಒಂದು, ‘ಲ್ಲೇ’. ಈ ‘ಏ’ ಬಂದರೆ ಉಳಿದದ್ದೆಲ್ಲ ಹೊರಗೆ ಅಂತ ಅರ್ಥ. ‘ಅವನೇ ಬರಲಿ’ ಅಂದರೆ ಬೇರೆಯವರು ಬೇಡ. ‘ಕನ್ನಡದಲ್ಲೇ’ ಅಂದಾಗ, ಕನ್ನಡ ಓದಲು ಬಾರದ ಮನುಷ್ಯ ತಾನೇ ಹೊರಗೆ ಅಂತ ತಿಳಿದ. ಎರಡು, ‘ಬೇಕು’. ಸರ್ಕಾರಕ್ಕೆ ‘ಬೇಕು’ ಅನ್ನುವ ಅಧಿಕಾರ ಇದೆ. ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿಯೇ ಆಯಿತು. ಅಂಗಡಿಯ ಬೋರ್ಡಿಗೆ ಅದು ಸರಿ. ನಾಳೆ ಒಂದು ಲೋಟ ಸಕ್ಕರೆಗೆ ಬಾಗಿಲು ತಟ್ಟಬೇಕಾದ ಮನೆಗೆ ಬೇರೆ ಮಾತು ಬೇಕು.

ಹೀಗೆ ಬರೆದು ನೋಡಿ: ‘ಎಲ್ಲ ಸೂಚನೆಗಳನ್ನೂ ಕನ್ನಡದಲ್ಲೂ ಹಾಕೋಣ. ನಮ್ಮ ಗೇಟಿನ ಸೆಕ್ಯುರಿಟಿಯವರು, ಕಸ ತೆಗೆಯುವ ಅಕ್ಕ, ನಮ್ಮಮ್ಮ ಓದುವುದು ಕನ್ನಡವನ್ನೇ. ಬರೆಯಲು ಬಾರದಿದ್ದರೆ ನನಗೆ ಕಳಿಸಿ, ನಾನು ಬರೆದು ಕೊಡುತ್ತೇನೆ.’ ‘ಲ್ಲೇ’ ಹೋಗಿ ‘ಲ್ಲೂ’ ಬಂತು. ‘ಏ’ ಎಲ್ಲಿಗೆ ಹೋಯಿತು ನೋಡಿ. ‘ಕನ್ನಡವನ್ನೇ’ ಅಂತ ಅಮ್ಮನ ಪಕ್ಕ ಕೂತಿದೆ. ಅಲ್ಲಿ ಅದು ನಿಜ ಹೇಳುತ್ತದೆ, ಯಾರನ್ನೂ ತಳ್ಳುವುದಿಲ್ಲ. ಹಾಗೆ ಹಾಕಿದ ಮೇಲೆ ನೀವು ನಿಜವಾಗಿಯೂ ಬರೆದು ಕೊಡಬೇಕು. ಹಸಿ ಕಸ, ಒಣ ಕಸದ ನೋಟಿಸಿನಿಂದ ಶುರು ಮಾಡಿ. ದಿನವೂ ಎಲ್ಲರ ಕಣ್ಣಿಗೆ ಬೀಳುವುದು ಅದೇ.

ಪ್ರಶ್ನೆ: ನನಗೆ 58 ವರ್ಷ. ಗ್ರೂಪಿನಲ್ಲಿ ಹುಡುಗನೊಬ್ಬ ‘ಬ್ರೋ’ ಅಂದ. ಸುಮ್ನೆ ಇರಬೇಕಾ?
— ವಿಜಯನಗರದ ಓದುಗರು

ಉತ್ತರ: ಹೆಸರಿನ ಪಕ್ಕ ಫೋಟೋ ಇಲ್ಲದಿದ್ದರೆ ಅವನಿಗೆ ನಿಮ್ಮ ವಯಸ್ಸು ತಿಳಿಯುವುದು ಹೇಗೆ? ‘ಅಂಕಲ್’ ಅಂದಿದ್ದರೆ ಅದಕ್ಕೂ ಬೇಜಾರು ಆಗುತ್ತಿತ್ತು, ಅಲ್ವಾ? ಅವನಿಗೆ ಉತ್ತರ ಬರೆಯುವಾಗ ಕೊನೆಯಲ್ಲಿ ‘ಆಗಲಪ್ಪ’ ಅನ್ನಿ. ಆ ಒಂದು ‘ಅಪ್ಪ’ದಲ್ಲಿ ಅವನಿಗೆ ಎಲ್ಲ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಬೀದಿಯ ಗಣೇಶೋತ್ಸವದ ಖಜಾಂಚಿ ಲೆಕ್ಕ ಕೊಟ್ಟಿದ್ದಾರೆ ಅಂತ ಕೇಳಿಪಟ್ಟೆ. ನಾನು ಊರಲ್ಲಿರಲಿಲ್ಲ. ‘ಲೆಕ್ಕ ಕೊಟ್ಟಿದ್ದಾರಂತೆ, ಯಾರಾದರೂ ಕಳಿಸಿ’ ಅಂತ ಗ್ರೂಪಿಗೆ ಬರೆದೆ. ಅವರು ‘ಅಂತೆ ಏನ್ರೀ, ಕೊಟ್ಟಿದ್ದೀನಿ!’ ಅಂತ ಸಿಡಿದರು. ಮುಂದಿನ ವರ್ಷ ಜವಾಬ್ದಾರಿಯೇ ಬೇಡ ಅನ್ನುತ್ತಿದ್ದಾರೆ.
— ಹನುಮಂತನಗರದ ಓದುಗರು

ಉತ್ತರ: ‘ಅಂತೆ’ ಬಹಳ ಒಳ್ಳೆಯ ಪದ. ನಾನು ಕಂಡದ್ದಲ್ಲ, ಕೇಳಿದ್ದು ಅಂತ ಅದು ಪ್ರಾಮಾಣಿಕವಾಗಿ ಹೇಳುತ್ತದೆ. ನೀವು ಬಳಸಿದ್ದೂ ಹಾಗೇ.

ತೊಂದರೆ ಆದದ್ದು ಅವರು ಅಲ್ಲೇ ಇದ್ದರು ಅನ್ನುವುದರಿಂದ. ಊರಲ್ಲಿಲ್ಲದವರ ಬಗ್ಗೆ ‘ಬಂದಿದ್ದಾರಂತೆ’ ಅನ್ನಬಹುದು. ಎದುರಿಗೆ ಕೂತವರ ಬಗ್ಗೆ ‘ಇವರು ಊಟ ಮಾಡಿದ್ದಾರಂತೆ’ ಅಂದರೆ ಅದು ಅನುಮಾನ. ಗ್ರೂಪಿನಲ್ಲಿ ಬರೆಯುವಾಗ ನಮಗೆ ಯಾರೂ ಕಾಣುವುದಿಲ್ಲ, ಆದರೆ ಎಲ್ಲರೂ ಕೂತಿರುತ್ತಾರೆ. ಹಾಗಾಗಿ ಖಜಾಂಚಿಯ ಬಗ್ಗೆ ಬರೆಯಬಾರದು, ಖಜಾಂಚಿಗೇ ಬರೆಯಬೇಕು. ‘ಲೆಕ್ಕ ಕಳಿಸಿದ್ದು ನನಗೆ ಸಿಕ್ಕಿಲ್ಲ ಸರ್, ಇನ್ನೊಂದು ಸಲ ಹಾಕ್ತೀರಾ?’ ಸಿಗದೇ ಇರುವ ಕೊರತೆ ಆಗ ನಿಮ್ಮ ಕಡೆ ಇರುತ್ತದೆ. ದುಡ್ಡಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ಸಂಬಳವಿಲ್ಲದೆ ಮನೆಮನೆ ಹತ್ತಿ ಚಂದಾ ಎತ್ತಿದವರಿಗೆ ಲೆಕ್ಕದ ಮಾತು ಬಂದಾಗಲೆಲ್ಲ ಮೈಯೆಲ್ಲ ಕಿವಿಯಾಗಿರುತ್ತದೆ. ಲೆಕ್ಕ ಕೇಳುವ ಮೊದಲು ‘ಈ ಸಲ ಪೆಂಡಾಲ್ ಚೆನ್ನಾಗಿತ್ತು’ ಅಂತ ಒಂದು ಮಾತು ಯಾರಾದರೂ ಬರೆದಿದ್ದಾರಾ? ಗ್ರೂಪಿನಲ್ಲಿ ಹಿಂದಕ್ಕೆ ಹೋಗಿ ನೋಡಿ. ಇಲ್ಲದಿದ್ದರೆ ನೀವೇ ಬರೆಯಿರಿ.

ಪ್ರಶ್ನೆ: ಕೈ ಮುಗಿಯುವ ಚಿತ್ರ ಹಾಕಿದರೆ ಒಬ್ಬರು ‘ವ್ಯಂಗ್ಯ ಬೇಡ’ ಅಂದರು. ಕೈ ಮುಗಿಯುವುದರಲ್ಲಿ ಏನು ವ್ಯಂಗ್ಯ?
— ಮಲ್ಲೇಶ್ವರದ ಓದುಗರು

ಉತ್ತರ: ಕಂಪ್ಯೂಟರಿನ ಬರಹದಲ್ಲಿ ನಗುವ ಮುಖ ಬಂದದ್ದೇ ತಮಾಷೆಯನ್ನು ಜನ ನಿಜ ಅಂದುಕೊಳ್ಳುತ್ತಿದ್ದರು ಅಂತ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಫಾಲ್‌ಮನ್ 1982ರ ಸೆಪ್ಟೆಂಬರ್ 19ರಂದು ವಿಸರ್ಗ, ಅಡ್ಡಗೀಟು, ಬ್ರಾಕೆಟ್ ಜೋಡಿಸಿದಂತೆ ಕಾಣುವ ಮುಖವನ್ನು ಸೂಚಿಸಿದರು. ಅದಕ್ಕೆ ಒಂದೇ ಅರ್ಥ ಇತ್ತು, ಇದು ತಮಾಷೆ ಅಂತ.

ಕೈ ಮುಗಿಯುವುದಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಎರಡು ಅರ್ಥ. ‘ನಮಸ್ಕಾರ’ ಒಂದು. ‘ನಿಮಗೊಂದು ದೊಡ್ಡ ನಮಸ್ಕಾರ’ ಇನ್ನೊಂದು. ವಾದ ಜೋರಾಗಿ ನಡೆಯುವಾಗ ಮಾತಿಲ್ಲದೆ ಬರೀ ಕೈ ಮುಗಿದರೆ ಎಲ್ಲರೂ ಎರಡನೆಯದನ್ನೇ ಕೇಳಿಸಿಕೊಳ್ಳುತ್ತಾರೆ. ನೀವು ಯಾವಾಗ ಹಾಕಿದಿರಿ ಅಂತ ಬರೆದಿಲ್ಲ. ಅವರು ಮೂರು ಮೆಸೇಜ್ ಉದ್ದಕ್ಕೆ ಬರೆದ ಮೇಲೆ ಹಾಕಿದ್ದರೆ, ಈಗ ಅವರಿಗೆ ಬೇರೆಯಾಗಿ ಬರೆಯಿರಿ: ‘ನೀವು ಹೇಳಿದ ಪಾರ್ಕಿಂಗ್ ವಿಷಯ ಸರಿ ಅನಿಸಿತು, ಅದಕ್ಕೆ ಕೈ ಮುಗಿದೆ.’ ಪಾರ್ಕಿಂಗ್ ಅಲ್ಲದಿದ್ದರೆ, ಅವರು ಏನು ಬರೆದಿದ್ದರೋ ಅದನ್ನು ಹಾಕಿ.